ಬಾಣಂತಿ ಕೋಣೆಯ ಹೀಟರ್

ಸಂಡೂರು
೧೦ ಡಿಸೆಂಬರ್ ೨೦೨೪

ಬೀಗಿತ್ತಿ ಶಾಂತಕ್ಕನವರಿಗೆ,

ಫೋನಿನಲ್ಲಿ ಮಾತಾಡಿದರೆ ನೀವು ಅರ್ಧಕ್ಕೇ ಕಟ್ ಮಾಡುತ್ತೀರಿ. ಕಾಗದವನ್ನು ಕಟ್ ಮಾಡಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಮಗ, ನನ್ನ ಅಳಿಯ ಲಿಂಗರಾಜ್ ಅವರ ಕೈಯಲ್ಲೇ ಕಳಿಸುತ್ತೇನೆ. ನೀವು ಕಳಿಸಿದ್ದ ಇದ್ದಲಿನ ಚೀಲವನ್ನೂ ಅವರ ಬೈಕಿನ ಹಿಂದೆ ಕಟ್ಟಿಸಿದ್ದೇನೆ. ಬಿಚ್ಚಿಲ್ಲ, ಕಟ್ಟಿದ ಗಂಟು ಹಾಗೇ ಇದೆ, ನೋಡಿಕೊಳ್ಳಿ.

ಭಾನುವಾರ ಮೊಮ್ಮಗಳಿಗೆ ಹೆಸರಿಡುವ ದಿನ, ಪಂಕ್ತಿಯಲ್ಲಿ ಜನ ಕುಳಿತಿರುವಾಗ, ನೀವು ಬಾಣಂತಿ ಕೋಣೆಯ ಬಾಗಿಲಲ್ಲಿ ನಿಂತು ಏನಂದಿರಿ? "ಕರೆಂಟಿನ ಪೆಟಿಗಿ ಮುಂದ ಬಾಣಂತನ ಮಾಡ್ತಾರಲ್ಲವಾ, ಇವ್ರ ಮನ್ಯಾಗ ಒಂದು ಹಿಡಿ ಇದ್ದಲಿಗೂ ಗತಿ ಇಲ್ಲೇನು?" ಎಂದಿರಿ. ನನ್ನ ಅಂಗನವಾಡಿಯ ಸೂಪರ್‌ವೈಸರ್ ಮೇಡಂ ಅಲ್ಲೇ ಕುಳಿತಿದ್ದರು. ಆಮೇಲೆ ಹೋಳಿಗೆ ಬಡಿಸಿದ ಎಲೆ ಬಿಟ್ಟು ಎದ್ದು ಹೋದಿರಿ. ಬೀಗರ ಮನೆಯಲ್ಲಿ ಎಲೆ ಬಿಟ್ಟು ಎದ್ದವರನ್ನು ನಾನು ಇದೇ ಮೊದಲು ನೋಡಿದ್ದು.

ಕೂಸು ಎಂಟು ತಿಂಗಳಿಗೇ ಹುಟ್ಟಿದೆ. ಎರಡು ಕೆಜಿ ಕೂಡ ತೂಗಲಿಲ್ಲ. ಕೋಣೆ ಬೆಚ್ಚಗಿರಬೇಕು, ಹೊಗೆ ಸುಳಿಯಬಾರದು ಎಂದು ಹೊಸಪೇಟೆಯ ಡಾಕ್ಟರು ನಿಮ್ಮ ಮುಂದೆಯೇ ಹೇಳಿದರು. ನೀವು ತಲೆಯಾಡಿಸಿದಿರಿ. ತಲೆಯಾಡಿಸಿ ಮನೆಗೆ ಹೋಗಿ ಇದ್ದಲು ಕಳಿಸಿದಿರಿ! ನಮ್ಮದು ತಗಡಿನ ಮನೆ, ಹಿಂದೆಯೇ ಗುಡ್ಡ. ಇಲ್ಲಿಯ ಬೆಳಗಿನ ಜಾವದ ಥಂಡಿ ಕಂಪ್ಲಿಯ ಗದ್ದೆಬಯಲಿನವರಿಗೆ ಏನು ಗೊತ್ತು? ಅದಕ್ಕೇ ಎರಡು ರಾಡಿನ ಹೀಟರ್ ತಂದೆ. ಒಂದೊಂದು ರಾಡು ಎಂಟುನೂರು ವಾಟ್. ಹೊಗೆಯಿಲ್ಲ, ಬೂದಿಯಿಲ್ಲ. ಬಾಗಿಲು ಹಾಕಿದ ಕೋಣೆಯಲ್ಲಿ ಕೆಂಡ ಇಟ್ಟು ಮಲಗಿದವರು ಮತ್ತೆ ಏಳದೇ ಹೋದ ಸುದ್ದಿ ನಾನು ತಾಯಂದಿರ ಸಭೆಯಲ್ಲಿ ಪ್ರತಿ ಚಳಿಗಾಲ ಹೇಳುತ್ತೇನೆ. ಊರವರಿಗೆಲ್ಲ ಹೇಳಿ ನನ್ನ ಮನೆಯಲ್ಲೇ ಕೆಂಡ ಇಡಲೇ?

ಇದ್ದಲು ನಿಮ್ಮ ಬಚ್ಚಲ ಒಲೆಗೆ ಹಾಕಿಕೊಳ್ಳಿ.

ಸಿಟ್ಟು ಇಳಿಯದ,
ಗಂಗಾಂಬಿಕಾ


ಕಂಪ್ಲಿ
೧೭ ಡಿಸೆಂಬರ್ ೨೦೨೪

ಗಂಗಾಂಬಿಕಾ ಟೀಚರಮ್ಮನವರಿಗೆ,

ನಾನು ಹೇಳುತ್ತೇನೆ, ನನ್ನ ಮಗಳು ಭಾಗ್ಯ ಬರೆಯುತ್ತಾಳೆ. ಅವಳು ಕಾಲೇಜು ಓದಿದವಳು, ನನ್ನ ಮಾತಿನ ಖಾರ ತೆಗೆದು ಸಪ್ಪೆ ಮಾಡಿ ಬರೆಯುತ್ತಾಳೆ ಎಂದು ಗೊತ್ತು. ಓದುವಾಗ ನೀವೇ ಎರಡು ಚಮಚ ಖಾರ ಹಾಕಿಕೊಳ್ಳಿ.

ಊಟ ಬಿಟ್ಟು ಎದ್ದೆ, ಹೌದು. ನನ್ನ ವಂಶದ ಕೂಸನ್ನು ಕೆಂಪು ಸರಳಿನ ಮುಂದೆ ಹಪ್ಪಳ ಒಣಗಿಸಿದಂತೆ ಒಣಗಿಸುವುದನ್ನು ನೋಡಿ ನನಗೆ ತುತ್ತು ಇಳಿಯಲಿಲ್ಲ. ಲಿಂಗರಾಜನನ್ನು, ಈ ಭಾಗ್ಯಳನ್ನು, ನನ್ನ ಮೈದುನನ ಮಕ್ಕಳನ್ನು ಕೆಂಡದ ಶಾಖದಲ್ಲೇ ಸಾಕಿದೆ. ಯಾರೂ ಸತ್ತಿಲ್ಲ. ನಿಮ್ಮ ಅಳಿಯ ಉಕ್ಕಿನ ಫ್ಯಾಕ್ಟರಿಯ ಕುಲುಮೆ ಮುಂದೆ ಇಡೀ ಪಾಳಿ ನಿಲ್ಲುತ್ತಾನಲ್ಲ, ಅದು ಇದ್ದಲಿನಲ್ಲಿ ಗಟ್ಟಿಯಾದ ಮೈ. "ಯವ್ವಾ, ಇದು ಬರಿಯೋದು ಬ್ಯಾಡ" ಎನ್ನುತ್ತಿದ್ದಾಳೆ ಭಾಗ್ಯ. "ಬರಿಯಲೇ ಸುಮ್ಕ" ಎಂದೆ.

ಕರೆಂಟ್ ಹೋದರೆ ಏನು ಮಾಡುತ್ತೀರಿ? ಕೆಂಡಕ್ಕೆ ಕೆಇಬಿಯವರ ಅಪ್ಪಣೆ ಬೇಕಿಲ್ಲ.

ಆದರೂ ನೀವು ಕಲಿತವರು, ಕರೆಂಟೇ ಆಗಬೇಕು ನಿಮಗೆ. ಆಗಲಿ. ಮೈದುನನ ಮಗ ದುರುಗೇಶ್ ಫೋನಿನಲ್ಲಿ ನೋಡಿ ಒಂದು ಹೀಟರ್ ತರಿಸಿದ್ದಾನೆ, ಇದರ ಜೊತೆ ಕಳಿಸಿದ್ದೇನೆ. ಅಂಗೈ ಅಗಲ ಇದೆ, ಗೋಡೆಯ ಪ್ಲಗ್ಗಿಗೆ ಚುಚ್ಚಿದರೆ ಸಾಕು. ಬರೀ ನಾಲ್ಕುನೂರು ವಾಟಿನಲ್ಲಿ ಇಡೀ ಮನೆ ಕಾಯುತ್ತದೆ ಎಂದು ಫೋನಿನಲ್ಲಿ ತೋರಿಸುತ್ತಾರೆ, ಬಿಳಿ ಹೆಂಗಸೊಬ್ಬಳು ತೋಳಿಲ್ಲದ ಅಂಗಿ ಹಾಕಿಕೊಂಡು ಅದರ ಮುಂದೆ ಕುಳಿತಿದ್ದಾಳೆ. ನಿಮ್ಮ ಹೀಟರ್ ತಿನ್ನುವುದರಲ್ಲಿ ಕಾಲು ಪಾಲು ತಿಂದು ಅಷ್ಟೇ ಕಾಯಿಸುತ್ತದೆ. ಟೀಚರಮ್ಮನವರಿಗೆ ಇದು ಗೊತ್ತಿರಲಿಲ್ಲ, ಏಳನೇ ಕ್ಲಾಸ್ ಓದಿದ ಶಾಂತಕ್ಕನಿಗೆ ಗೊತ್ತಾಯಿತು.

ಕೂಸಿನ ಅಜ್ಜಿ, ನಿಮಗಿಂತ ಒಂದು ಗುಂಜಿಯೂ ಕಡಿಮೆಯಿಲ್ಲದ ಅಜ್ಜಿ,
ಶಾಂತಕ್ಕ


ಸಂಡೂರು
೨೯ ಡಿಸೆಂಬರ್ ೨೦೨೪

ಶಾಂತಕ್ಕನವರಿಗೆ,

ನಿಮ್ಮ ಅಂಗೈ ಅಗಲದ ಹೀಟರನ್ನು ವಾಪಸ್ ಕಳಿಸಿದ್ದೇನೆ. ಕೆಟ್ಟಿಲ್ಲ, ಹುಟ್ಟಿದ್ದೇ ಹಾಗೆ.

ನಿಮ್ಮ ಮಗನಿಗೆ ಬೇಜಾರಾಗಬಾರದು ಎಂದು ಒಂದು ರಾತ್ರಿ ಅದನ್ನು ಹಾಕಿದೆ. ಬುರ್ರೆಂದು ಸದ್ದು ಮಾಡಿತು. ಅದರ ಮುಂದೆ ಕೈ ಹಿಡಿದರೆ ಕೈ ಬೆಚ್ಚಗೆ, ಕೈ ತೆಗೆದರೆ ಕೋಣೆ ಹಾಗೇ ತಣ್ಣಗೆ. ಬೆಳಿಗ್ಗೆ ನರ್ಸಮ್ಮ ತೂಕಕ್ಕೆ ಬಂದವರು ಕೂಸಿನ ಅಂಗಾಲು ಮುಟ್ಟಿ ನನ್ನ ಮುಖ ನೋಡಿದರು. "ಟೀಚರ್, ನೀವ ಹಿಂಗ ಮಾಡಿದ್ರ ಹೆಂಗ್ರಿ?" ಎಂದರು. ಊರ ಕೂಸುಗಳನ್ನೆಲ್ಲ ತೂಗಿದವಳಿಗೆ ಈ ಮಾತು! ಕೂಸು ಆ ವಾರ ತೂಕ ಏರಲೇ ಇಲ್ಲ. ಅದು ನಿಮ್ಮ ಹೆಸರಿಗೆ ಬರೆದಿಟ್ಟಿದ್ದೇನೆ.

ಸಿಟ್ಟಿನಲ್ಲಿ ಅದನ್ನು ಎತ್ತಿಕೊಂಡು ಬಜಾರಿನ ಎಲೆಕ್ಟ್ರಿಕ್ ಅಂಗಡಿ ಪಂಪೇಶನ ಬಳಿ ಹೋದೆ. ಅವನು ನಕ್ಕ. "ಅಕ್ಕಾರ, ಹೀಟರ್ ಯಾವ್ದಾದ್ರೂ ಆಗ್ಲಿ, ತಿಂದಷ್ಟು ಕರೆಂಟೇ ಶಾಖ ಆಗಿ ಹೊರಗ ಬರ್ತೈತ್ರಿ. ಕಮ್ಮಿ ತಿಂದ್ರ ಕಮ್ಮಿ ಕಾಯಿಸ್ತೈತಿ. ಎಣ್ಣಿದಿರ್ಲಿ, ಫ್ಯಾನಿಂದಿರ್ಲಿ, ರಾಡಿಂದಿರ್ಲಿ, ಡಬ್ಬಿ ಬ್ಯಾರೆ, ರೇಟ್ ಬ್ಯಾರೆ, ಅಷ್ಟರಿ. ಉಳಿತಾಯ ಅಂತ ಮಾರೋರು ಸುಳ್ಳು ಹೇಳ್ತಾರ" ಎಂದ. ಆಮೇಲೆ ಮನೆಗೆ ಬಂದು ತಗಡಿನ ಕಡೆ ಬೆರಳು ತೋರಿಸಿದ. ಕಾಯಿಸಿದ್ದೆಲ್ಲ ಅಲ್ಲಿಂದಲೇ ಹೋಗುತ್ತಿದೆಯಂತೆ. ನಾನು ಇಷ್ಟು ದಿನ ಕೂಸನ್ನಲ್ಲ, ಸಂಡೂರಿನ ಗುಡ್ಡವನ್ನು ಕಾಯಿಸುತ್ತಿದ್ದೆ.

ಅವನೇ ತಗಡಿನ ಕೆಳಗೆ ಥರ್ಮಕೋಲ್ ಹೊಡೆದುಕೊಟ್ಟ. ಬಾಗಿಲ ಕೆಳಗಿನ ಸಂದಿಗೆ ಗೋಣಿಚೀಲ ಸುತ್ತಿ ತುರುಕಿದೆ. ಈಗ ಸಂಜೆ ಎರಡೂ ರಾಡು ಹಾಕಿ, ಕೋಣೆ ಕಾದ ಮೇಲೆ ಒಂದನ್ನು ಆರಿಸಿಬಿಡುತ್ತೇನೆ. ಇನ್ನು ಮುಂದೆ ಫೋನಿನ ಬಿಳಿ ಹೆಂಗಸು ಹೇಳಿದ್ದನ್ನು ನನ್ನ ಮನೆಗೆ ಕಳಿಸಬೇಡಿ.

ಗಂಗಾಂಬಿಕಾ


ಕಂಪ್ಲಿ
೮ ಜನವರಿ ೨೦೨೫

ಟೀಚರಮ್ಮನವರಿಗೆ,

ಹೀಟರ್ ಮುಟ್ಟಿತು. ಭಾಗ್ಯ ಅದನ್ನು ಕೂದಲು ಒಣಗಿಸಲು ಇಟ್ಟುಕೊಂಡಿದ್ದಾಳೆ.

ಈಗ ನನ್ನ ಮಾತು ಕೇಳಿ. ಲಿಂಗರಾಜ ಈ ತಿಂಗಳು ಮನೆಗೆ ಪಗಾರದಲ್ಲಿ ಕಡಿಮೆ ಕೊಟ್ಟ. ಯಾಕಲೇ ಎಂದರೆ ತಲೆ ಕೆರೆದುಕೊಂಡ. ಗದರಿಸಿದಾಗ ಬಾಯಿ ಬಿಟ್ಟ. ನಿಮ್ಮ ಮನೆಯ ಕರೆಂಟ್ ಬಿಲ್ಲು ಅವನೇ ಫೋನಿನಲ್ಲಿ ಕಟ್ಟಿದ್ದಾನೆ! ಇನ್ನೂರು ಯೂನಿಟ್ ಒಳಗಿದ್ದಾಗ ಸರ್ಕಾರದ ಸೊನ್ನೆ ಬಿಲ್ಲು ಬರುತ್ತಿದ್ದ ಮನೆ ನಿಮ್ಮದು. ಹೀಟರ್ ಬಂದ ಮೇಲೆ ಇನ್ನೂರು ದಾಟಿತು, ಪೂರ್ತಿ ಬಿಲ್ಲು ಬಂತು, ಎರಡೂವರೆ ಸಾವಿರ. "ನಮ್ಮ ಅತ್ತಿಯವ್ರಿಗೆ ಹೇಳಬ್ಯಾಡಬೇ, ಅವ್ರಿಗೆ ಸೊನ್ನೀನ ಬಂದೈತಿ ಅಂದೀನಿ" ಎಂದು ನನ್ನ ಕಾಲು ಹಿಡಿಯುತ್ತಾನೆ. ಹಡೆದ ತಾಯಿಗೆ ಪಗಾರ ಕಡಿಮೆ, ಅತ್ತೆಗೆ ಸೊನ್ನೆ ಬಿಲ್ಲು.

ಮೊದಲ ಬಾಣಂತನ ತವರಿನದು. ಅದು ನಾನು ಮಾಡಿದ ನಿಯಮವಲ್ಲ. ಹೀಟರ್ ಬೇಕು ಎಂದವರು ನೀವು, ಮೆರೆದವರು ನೀವು, ಪಂಪೇಶನನ್ನು ಕರೆದು ಪಾಠ ಕೇಳಿದವರೂ ನೀವು. ಕಟ್ಟುವವನು ಮಾತ್ರ ನನ್ನ ಮಗನೇ? ನಾನು ಕಳಿಸಿದ ಒಂದು ಚೀಲ ಇದ್ದಲಿನಲ್ಲಿ ಇಡೀ ಚಳಿಗಾಲ ಮುಗಿಯುತ್ತಿತ್ತು. ನಿಮಗೆ ತಾಕತ್ತಿಲ್ಲದಿದ್ದರೆ ಹೇಳಿ, ಸೊಸೆಯನ್ನೂ ಕೂಸನ್ನೂ ನಾಳೆಯೇ ಕಂಪ್ಲಿಗೆ ಕರೆದುಕೊಂಡು ಬರುತ್ತೇನೆ. ಇಲ್ಲಿ ನಮ್ಮದು ಮಣ್ಣಿನ ಮಾಳಿಗೆ ಮನೆ, ಹೀಟರೇ ಬೇಕಿಲ್ಲ.

ಶಾಂತಕ್ಕ


ಸಂಡೂರು
೧೨ ಜನವರಿ ೨೦೨೫

ಶಾಂತಕ್ಕನವರೇ,

ಬಿಲ್ಲಿನ ವಿಷಯ ನನಗೆ ಗೊತ್ತಿರಲಿಲ್ಲ. ದೇವರಾಣೆಗೂ ಗೊತ್ತಿರಲಿಲ್ಲ. ನಿಮ್ಮ ಕಾಗದ ಓದಿ ನನಗೆ ನೆಲ ಬಿರಿದು ಒಳಗೆ ಹೋಗುವಂತಾಯಿತು. ಎರಡೂವರೆ ಸಾವಿರವನ್ನು ಇಂದೇ ಅಳಿಯಂದಿರ ಜೇಬಿಗೆ ತುರುಕಿದ್ದೇನೆ, ಬೇಡ ಬೇಡ ಎಂದರೂ ಬಿಡಲಿಲ್ಲ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಮಗಳನ್ನು ಬೆಳೆಸಿ ಮದುವೆ ಮಾಡಿದವಳು ನಾನು. ಯಾರ ಪಗಾರದಲ್ಲೂ ದೀಪ ಹಚ್ಚಿದವಳಲ್ಲ.

ಆದರೆ ಒಂದು ಮಾತು ಕೇಳುತ್ತೇನೆ, ಎದೆ ಮುಟ್ಟಿಕೊಂಡು ಉತ್ತರ ಕೊಡಿ. ಅದು ಗಂಡು ಕೂಸಾಗಿದ್ದರೆ ನೀವು ಯೂನಿಟ್ ಎಣಿಸುತ್ತಿದ್ದಿರಾ?

ಗಂಗಾಂಬಿಕಾ


ಕಂಪ್ಲಿ
೨೭ ಜನವರಿ ೨೦೨೫

ಗಂಗಾಂಬಿಕಾನವರಿಗೆ,

ನನ್ನ ಮನೆಯಲ್ಲಿ ಗಂಡು ಹೆಣ್ಣು ಎಂದು ತೂಗಿದವರು ಯಾರೂ ಇಲ್ಲ. ಆ ಒಂದು ಮಾತಿಗೆ ನನಗೆ ಮೂರು ದಿನ ಅನ್ನ ಸೇರಲಿಲ್ಲ. ನನ್ನ ಮೊಮ್ಮಗಳ ಆರೈಕೆಯನ್ನು ನಾನೇ ನನ್ನ ಕೈಯಾರೆ ಮಾಡಿ ತೋರಿಸುತ್ತೇನೆ ಎಂದು ಬಸ್ಸು ಹತ್ತಿ ನಿಮ್ಮಲ್ಲಿಗೆ ಬಂದೆ. ಬಂದು ಏನಾಯಿತೆಂದು ಊರಿಗೆಲ್ಲ ನೀವು ನಿಮಗೆ ಬೇಕಾದಂತೆ ಹೇಳುತ್ತಿದ್ದೀರಂತೆ. ನಾನು ಹೇಳುವುದನ್ನೂ ಕೇಳಿ.

ನೀವು ಅಂಗನವಾಡಿಗೆ ಹೋಗಿದ್ದಿರಿ. ಕೂಸಿಗೆ ಎರೆದಿದ್ದೆ. ಎರೆದ ಮೇಲೆ ಕುಂಚಿಗೆಗೂ ಅಂಗಿಗೂ ಲೋಬಾನದ ಹೊಗೆ ಹಾಕಿ, ಬೆಚ್ಚಗೆ ತೊಡಿಸುವುದು ನಮ್ಮ ಪದ್ಧತಿ. ಕೆಂಡದ ಮೇಲೆ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಬಟ್ಟೆ ಹರವಬೇಕು. ನಿಮ್ಮ ಮನೆಯಲ್ಲಿ ಕೆಂಡವೆಲ್ಲಿದೆ? ಇದ್ದದ್ದು ನಿಮ್ಮ ಹೀಟರ್. ಕೆಂಡದ ಹಾಗೆ ಶಾಖ ಮೇಲೆ ಬರಲಿ ಎಂದು ಅದನ್ನು ಅಂಗಾತ ಮಲಗಿಸಿದೆ. ಬುಟ್ಟಿ ಬೋರಲು ಹಾಕಿದೆ. ಬಟ್ಟೆ ಹರವಿದೆ. ಬುಟ್ಟಿಯಂಚು ಎತ್ತಿ ಒಂದು ಚಿಟಿಕೆ ಲೋಬಾನ ಕೆಂಪು ರಾಡಿನ ಮೇಲೆ ಉದುರಿಸಿದೆ.

ಅದು ಕರಗಿ ಭಗ್ಗೆಂದು ಹತ್ತಿತು. ಬುಟ್ಟಿ ಹತ್ತಿತು, ಬಟ್ಟೆ ಹತ್ತಿತು, ಟಪ್ಪೆಂದು ಇಡೀ ಮನೆಯ ಕರೆಂಟ್ ಹೋಯಿತು. ಸೊಸೆ ದೇವಿಕಾ ಕೂಸನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದಳು. ನಾನು ಗೋಣಿಚೀಲ ಬಡಿದು ಆರಿಸಿದೆ, ಕೈ ಸುಟ್ಟುಕೊಂಡೆ. ನೀವು ಬಂದವರೇ ಅಂಗಳದಲ್ಲಿ ನಿಂತು, "ಕೂಸು ಕೊಲ್ಲಾಕ ಬಂದಿಯೇನು?" ಎಂದಿರಿ. ಬೀಗಿತ್ತಿಗೆ ಏಕವಚನ! ನಾನೂ ಬಿಡಲಿಲ್ಲ. "ನಿಮ್ಮ ಹಾಳು ಕರೆಂಟು ಕೊಲ್ಲಾಕ ಬಂದಿತ್ತು" ಎಂದೆ. ಗಲ್ಲಿಯವರೆಲ್ಲ ಕೂಡಿದರು.

ಈಗ ಹೇಳಿ. ಹೀಟರ್ ಸುಟ್ಟುಹೋಯಿತಲ್ಲ, ಆಮೇಲೆ ಎರಡು ರಾತ್ರಿ ನಿಮ್ಮ ಮನೆಯಲ್ಲಿ ಹೀಟರಿತ್ತೇ? ಇಲ್ಲ. ಹೊಸದು ತರುತ್ತೇನೆ ಎಂದು ಹೊರಟವರನ್ನು ನಾನೇ ತಡೆದೆ. ಎರಡು ಹೊತ್ತು ಹಿತ್ತಲಲ್ಲಿ ಕಟ್ಟಿಗೆ ಉರಿಸಿ ಕೆಂಡ ಮಾಡಿ ಬಟ್ಟೆಗೆ ಲೋಬಾನ ಹಾಕಿ ತೊಡಿಸಿದೆ. ಎರಡೂ ಬೆಳಿಗ್ಗೆ ಕೂಸಿನ ಅಂಗಾಲು ಮುಟ್ಟಿ ನೋಡಿದವರು ನೀವೇ. ಬೆಚ್ಚಗಿರಲಿಲ್ಲವೇ? ನೀವು ಅಷ್ಟು ಯೂನಿಟ್ ಸುಟ್ಟು ಮಾಡಿದ್ದನ್ನು ನನ್ನ ಲೋಬಾನ ಪುಕ್ಕಟೆ ಮಾಡಿತು.

ನಿಮ್ಮ ಮಗಳ ಸೊಕ್ಕು ಮಾತ್ರ ನನಗೆ ಹಿಡಿಸಲಿಲ್ಲ. ಎರಡು ದಿನ ಕೂಸನ್ನು ಒಳಗೆ ಅವುಚಿಕೊಂಡು, ಚಾದರ ಹೊದ್ದು, ಗೋಡೆ ಕಡೆ ಮುಖ ಮಾಡಿ ಮಲಗಿದಳು. ಅತ್ತೆ ಬಂದಿದ್ದಾಳೆ ಎಂದು ಎದ್ದು ಕೂರಲೂ ಇಲ್ಲ. ಲಿಂಗರಾಜ ಬಂದವನೇ ಅವಳನ್ನು ಫ್ಯಾಕ್ಟರಿ ಹತ್ತಿರದ ತನ್ನ ಕುರೆಕುಪ್ಪದ ರೂಮಿಗೆ ಕರೆದುಕೊಂಡು ಹೋದ. "ಯಾರೂ ಬರಬ್ಯಾಡ್ರಿ" ಎಂದು ಇಬ್ಬರಿಗೂ ಹೇಳಿ ಹೋದ. ಐದು ತಿಂಗಳು ತುಂಬದ ಬಾಣಂತಿ ಹೊಸ್ತಿಲು ದಾಟಿದಳಲ್ಲ, ಅದು ನಿಮ್ಮ ಬಾಯಿಯಿಂದ.

ಶಾಂತಕ್ಕ


ಸಂಡೂರು
೩೧ ಜನವರಿ ೨೦೨೫

ಶಾಂತಕ್ಕನವರಿಗೆ,

ಮನೆಗೆ ಬೆಂಕಿ ಇಟ್ಟವರು ನನಗೆ ಲೆಕ್ಕ ಕೇಳುತ್ತಿದ್ದೀರಿ. ಏಕವಚನ ಬಂತು, ಬರುತ್ತದೆ. ಸುಟ್ಟ ಕುಂಚಿಗೆ ನೋಡಿದವಳಿಗೆ ಬಹುವಚನ ಎಲ್ಲಿಂದ ಬರಬೇಕು? ಹೀಟರನ್ನು ಒಲೆಯ ಹಾಗೆ ಮಲಗಿಸಿ ಅದರ ಮೇಲೆ ಬುಟ್ಟಿ ಮುಚ್ಚಿದ ಹೆಂಗಸು ಇಡೀ ಬಳ್ಳಾರಿ ಸೀಮೆಯಲ್ಲಿ ನೀವೊಬ್ಬರೇ ಇರಬೇಕು. ಪಂಪೇಶ ಆ ಹೀಟರನ್ನು ನೋಡಿ, "ರಾಡಿಗೆ ಅಂಟು ಹಿಡಿದೈತ್ರೀ ಅಕ್ಕಾರ, ಇದು ಗುಜರಿಗೇ" ಎಂದ.

ಎರಡು ರಾತ್ರಿ ಕೂಸು ಬೆಚ್ಚಗಿದ್ದದ್ದು ನಿಮ್ಮ ಲೋಬಾನದಿಂದಲ್ಲ, ನಾನು ಹೊಡೆಸಿದ ಥರ್ಮಕೋಲಿನಿಂದ. ಹಗಲಿನ ಬಿಸಿಲಿನ ಕಾವು ಒಳಗೇ ಉಳಿಯಿತು. ಕೋಣೆಯನ್ನು ಸರಿಯಾಗಿ ಮುಚ್ಚಿದರೆ ಹೀಟರ್ ಕೂಡ ಬೇಕಿಲ್ಲ ಎಂಬುದನ್ನು ಈಗ ತಾಯಂದಿರ ಸಭೆಯಲ್ಲೂ ಹೇಳುತ್ತಿದ್ದೇನೆ. ಚಪ್ಪಾಳೆ ಹೊಡೆದರು.

ದೇವಿಕಾ ಗೋಡೆ ಕಡೆ ಮುಖ ಮಾಡಿದ್ದು ಸೊಕ್ಕಿನಿಂದಲ್ಲ. ಅತ್ತೆ ಗಲ್ಲಿಯಲ್ಲಿ ನಿಂತು ಕೂಗಿದ ನಾಚಿಕೆಗೆ. ಹನ್ನೆರಡು ವರ್ಷದ ಹುಡುಗಿಯಾಗಿದ್ದಾಗಲೂ ಮನಸ್ಸಿಗೆ ನೋವಾದರೆ ಹಾಗೇ ಮಲಗುತ್ತಿದ್ದಳು, ನಾನು ಹೆತ್ತವಳು, ನನಗೆ ಗೊತ್ತು. ನನ್ನ ಮನೆಯಿಂದ ನನ್ನ ಮಗಳನ್ನು ಓಡಿಸಿದಿರಿ. ಹೊಸ ಹೀಟರ್ ತಂದು ಡಬ್ಬಿ ಬಿಚ್ಚದೆ ಇಟ್ಟಿದ್ದೇನೆ. ಕೂಸು ಇಲ್ಲಿಗೇ ಬರುತ್ತದೆ, ಕಂಪ್ಲಿಗಲ್ಲ.

ಗಂಗಾಂಬಿಕಾ


ಕುರೆಕುಪ್ಪ
೬ ಫೆಬ್ರವರಿ ೨೦೨೫

ಅಮ್ಮನಿಗೆ ಮತ್ತು ಅತ್ತೆಗೆ,

ಇದೇ ಕಾಗದವನ್ನು ಎರಡು ಸಲ ಬರೆದು ಒಂದನ್ನು ಸಂಡೂರಿಗೆ, ಒಂದನ್ನು ಕಂಪ್ಲಿಗೆ ಕಳಿಸಿದ್ದೇನೆ. ಇಬ್ಬರಿಗೂ ಒಂದೇ ಮಾತು, ಒಬ್ಬರಿಗೆ ಹೆಚ್ಚು ಒಬ್ಬರಿಗೆ ಕಡಿಮೆ ಬರೆದಿದ್ದೇನೆ ಎಂದು ಅದಕ್ಕೊಂದು ಜಗಳ ತೆಗೆಯಬೇಡಿ.

ನೀವು ಬರೆದದ್ದೆಲ್ಲ ನನಗೆ ಗೊತ್ತು. ಅಮ್ಮ ಬರೆದದ್ದನ್ನು "ಹೆಂಗೈತಿ ಕೇಳು" ಎಂದು ನನ್ನ ಮುಂದೆಯೇ ಓದಿ ಕಳಿಸುತ್ತಿದ್ದಳು. ಅತ್ತೆ ಬರೆಸಿದ್ದನ್ನು ಬೈಯುತ್ತಾ ಓದುತ್ತಿದ್ದಳು. ನಾನು ಇಲ್ಲಿಗೆ ಬಂದ ಮೇಲೆ ನೀವು ಬರೆದ ಕೊನೆಯ ಎರಡನ್ನೂ ಇವರು ತಂದು ತೋರಿಸಿದರು. ಓದಿ ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು.

ಬುಟ್ಟಿಗೆ ಬೆಂಕಿ ಬಿದ್ದ ದಿನ ಬೆಳಿಗ್ಗೆಯೇ ನನ್ನ ಎಡ ಎದೆ ಕಲ್ಲಾಗಿತ್ತು. ಕೂಸನ್ನು ಹಾಲಿಗೆ ಹಿಡಿದರೆ ಜೀವ ಹೋಗುತ್ತಿತ್ತು. ಅಮ್ಮಾ, ಅವತ್ತು ಸಂಜೆ ನಿನಗೆ "ಮೈ ಭಾಳ ನೋಯ್ತೈತಿ" ಎಂದೆ. "ಮೊದಲು ನಿಮ್ಮತ್ತಿ ಊರಿಗೆ ಹೋಗ್ಲಿ, ಆಮ್ಯಾಲೆ ನೋಡಾಣು" ಎಂದೆ ನೀನು. ಅತ್ತೀ, ನಿಮಗೆ "ಚಳಿ ಬರ್ತೈತ್ರಿ" ಎಂದೆ. "ಹೀಟರ್ ಮುಂದ ಮಲಗಿ ಮಲಗಿ ಮೈ ಮೆತ್ತಗಾಗೈತಿ ನಿಂದು" ಎಂದಿರಿ. ಆಮೇಲೆ ನಾನು ಯಾರಿಗೂ ಹೇಳಲಿಲ್ಲ. ಚಾದರ ಹೊದ್ದು ಗೋಡೆ ಕಡೆ ತಿರುಗಿದೆ. ಒಬ್ಬರು ಸೊಕ್ಕು ಎಂದಿರಿ, ಒಬ್ಬರು ನಾಚಿಕೆ ಎಂದಿರಿ.

ಇವರು ಬಂದು ಕೂಸನ್ನು ತೆಗೆದುಕೊಳ್ಳಲು ಕೈ ಹಾಕಿದವರು ನನ್ನ ಮೈ ತಾಗಿ ಕೈ ಹಿಂದೆಳೆದುಕೊಂಡರು. "ಏನ್ಲೇ ದೇವಿ, ಕಾದ ಹಂಚಾಗೀಯಲ್ಲ!" ಎಂದರು. ಯಾರಿಗೂ ಏನೂ ಹೇಳದೆ ಕಾರು ಮಾಡಿಸಿಕೊಂಡು ಇಲ್ಲಿಗೆ ಕರೆತಂದರು. ಡಾಕ್ಟರಮ್ಮ ಜ್ವರ ನೋಡಿ ಇವರನ್ನು ಬಾಯಿಗೆ ಬಂದಂತೆ ಬೈದರು. ಎದೆಯಲ್ಲಿ ಕೀವಾಗಿತ್ತು. ಕೊಯ್ದು ತೆಗೆದರು. ನಿಮಗೆ ಹೇಳಬೇಡಿ ಎಂದವಳು ನಾನೇ. ಹೇಳಿದ್ದರೆ ನೀವಿಬ್ಬರೂ ಆಸ್ಪತ್ರೆಯ ಬಾಗಿಲಲ್ಲಿ ನಿಂತು, ಕೀವು ಹೀಟರಿನಿಂದಾಯಿತೋ ಲೋಬಾನದಿಂದಾಯಿತೋ ಎಂದು ಕೂಗಾಡುತ್ತಿದ್ದಿರಿ.

ಆ ಎರಡು ರಾತ್ರಿ ಕೂಸು ಬೆಚ್ಚಗಿದ್ದದ್ದು ಲೋಬಾನದಿಂದ ಎನ್ನುತ್ತೀರಿ ಅತ್ತೀ. ಥರ್ಮಕೋಲಿನಿಂದ ಎಂದು ಸಭೆಯಲ್ಲಿ ಹೇಳಿ ಚಪ್ಪಾಳೆ ಹೊಡೆಸಿಕೊಂಡೆ ಅಮ್ಮಾ. ಕೂಸು ನನ್ನ ಕುಪ್ಪಸದ ಒಳಗೆ ನನ್ನ ಮೈಗೆ ಅಂಟಿಕೊಂಡಿತ್ತು. ಅದನ್ನು ಕಾಯಿಸಿದ್ದು ನನ್ನ ಜ್ವರ. ನೀವಿಬ್ಬರೂ ಬೆಳಿಗ್ಗೆ ಚಾದರದ ಕೆಳಗೆ ಕೈ ತೂರಿಸಿ ಅದರ ಅಂಗಾಲು ಹುಡುಕಿ ಮುಟ್ಟಿದಿರಿ, ಖುಷಿಪಟ್ಟಿರಿ, ಒಬ್ಬರನ್ನೊಬ್ಬರು ಗೆದ್ದವರಂತೆ ನೋಡಿದಿರಿ. ಇಷ್ಟು ಹತ್ತಿರ ಕೈ ತಂದವರು ನನ್ನನ್ನು ಮುಟ್ಟಲಿಲ್ಲ.

ಎರಡು ತಿಂಗಳು ಬರೆದಿರಲ್ಲ. ಇದ್ದಲು ಬರೆದಿರಿ, ವಾಟ್ ಬರೆದಿರಿ, ಬಿಲ್ಲು ಬರೆದಿರಿ. ದೇವಿಕಾ ಹೇಗಿದ್ದಾಳೆ ಎಂದು ಒಬ್ಬರೂ ಬರೆಯಲಿಲ್ಲ. ಅತ್ತೆಗೆ ನಾನು ಬರೀ ಸೊಸೆ, ಹೋಗಲಿ. ಅಮ್ಮಾ, ನೀನು ಹೆತ್ತವಳು. ನನಗೆ ನಿನ್ನ ಮೇಲೆಯೇ ಹೆಚ್ಚು ಸಿಟ್ಟು.

ಈಗ ಜ್ವರವಿಲ್ಲ. ಗಾಯ ಇನ್ನೂ ಹಸಿ ಇದೆ, ದಿನಾ ಡ್ರೆಸ್ಸಿಂಗ್ ಆಗುತ್ತಿದೆ. ಕೂಸು ಬಲಗಡೆ ಹಾಲು ಕುಡಿಯುತ್ತಿದೆ, ತೂಕ ಏರಿದೆ. ಈ ರೂಮಿಗೆ ಇಡೀ ದಿನ ಬಿಸಿಲು ಬೀಳುತ್ತದೆ. ಅಡುಗೆ ಇವರೇ ಮಾಡುತ್ತಾರೆ, ಉಪ್ಪು ಹೆಚ್ಚು ಹಾಕುತ್ತಾರೆ.

ಬರಬೇಡಿ ಎನ್ನುವಷ್ಟು ಗಟ್ಟಿ ಮನಸ್ಸು ನನಗಿಲ್ಲ. ಬರುವುದಾದರೆ ಬನ್ನಿ, ಬೇರೆ ಬೇರೆ ದಿನವಾದರೂ ಸರಿ, ಒಂದೇ ಬಸ್ಸಿನಲ್ಲಾದರೂ ಸರಿ. ಏನನ್ನೂ ತರಬೇಡಿ. ಕೂಸು ಒಳಗೆ ಮಲಗಿರುತ್ತದೆ, ಅದರ ಹತ್ತಿರ ಆಮೇಲೆ ಹೋಗುವಿರಂತೆ. ಬಾಗಿಲು ತೆರೆಯುವವಳು ನಾನು. ಮೊದಲು ನನ್ನ ಹಣೆ ಮುಟ್ಟಿ ನೋಡಿ.

ದೇವಿಕಾ